ಕೇಳಿದ ದಿನದಿಂದ

ಹೋಟೆಲು ಆರಿಸುವಾಗ ನೀರಜಾ ಮೊದಲು ನೋಡುತ್ತಿದ್ದದ್ದು ಹೋಟೆಲನ್ನಲ್ಲ, ಅದಕ್ಕೆ ಹತ್ತಿರದ ವಿಮಾನ ನಿಲ್ದಾಣವನ್ನು. ಗಂಡ ರಾಮಪ್ರಸಾದ್ ಲ್ಯಾಪ್‌ಟಾಪಿನಲ್ಲಿ ಕೋಟೆಯ ಬುರುಜು, ಅರಮನೆಯ ಕಮಾನು, ಬೆಟ್ಟದ ನೆತ್ತಿಯಿಂದ ಕಾಣುವ ಕಣಿವೆ ಎಂದು ಒಂದೊಂದೇ ಚಿತ್ರ ತೋರಿಸುತ್ತಿದ್ದರೆ, ಅವಳು ಪಕ್ಕದಲ್ಲಿ ಕುಳಿತು ಫೋನಿನಲ್ಲಿ ನಕಾಶೆ ತೆರೆದು, ಅಲ್ಲಿಂದ ಮ್ಯಾಡ್ರಿಡ್‌ಗೆ ರೈಲು ಇದೆಯೇ, ಮ್ಯಾಡ್ರಿಡ್‌ನಿಂದ ಬೆಂಗಳೂರಿಗೆ ಯಾವ ವಿಮಾನ, ಅಲ್ಲಿಂದ ಹುಬ್ಬಳ್ಳಿಗೆ ಹೇಗೆ ಎಂದು ನೋಡುತ್ತಿದ್ದಳು. ದಾರಿ ಸರಿಹೋಗದಿದ್ದರೆ ಎಂಥ ಅರಮನೆಯಾದರೂ ಬೇಡ.

"ಹದಿನಾಲ್ಕನೇ ಶತಮಾನದ ಕೋಟೆ ಕಣೇ ಇದು. ನೀನು ನೋಡಿದ್ರೆ ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಹುಡುಕ್ತೀಯ" ಎಂದು ರಾಮಪ್ರಸಾದ್ ರೇಗಿಸುತ್ತಿದ್ದ.

"ಕೋಟೆ ಎಲ್ಲೂ ಹೋಗೂದಿಲ್ಲ. ಹೋಗೂದು ನಾನು. ನನಗ ದಾರಿ ಬೇಕು."

ಅವನು ಮೈಸೂರಿನವನು, ಅವಳು ಧಾರವಾಡದವಳು. ಮದುವೆಯಾಗಿ ಲಂಡನ್ನಿಗೆ ಬಂದು ಮೂರು ದಶಕ ಕಳೆದರೂ ರೇನರ್ಸ್ ಲೇನಿನ ಆ ಮನೆಯಲ್ಲಿ ಎರಡೂ ಊರಿನ ಮಾತು ಹಾಗೆಯೇ ಉಳಿದಿತ್ತು. ಮಗಳು ಗಾರ್ಗಿ ಎರಡನ್ನೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ಬೆಳೆದಳು.

ದಾರಿಯ ವಿಷಯದಲ್ಲಿ ನೀರಜಾಳ ಹಟಕ್ಕೆ ಕಾರಣವಿತ್ತು. ಅವಳು ಇಲ್ಲಿಗೆ ಬಂದ ಹೊಸದರಲ್ಲಿ ಅವಳ ತಂದೆ ತೀರಿಕೊಂಡರು. ಸುದ್ದಿ ಮುಟ್ಟಿ, ರಜೆ ಸಿಕ್ಕಿ, ಎರಡು ಕಡೆ ವಿಮಾನ ಬದಲಾಯಿಸಿ ಅವಳು ಧಾರವಾಡದ ಮನೆಯ ಹೊಸ್ತಿಲು ತುಳಿಯುವಾಗ ಬೂದಿಯೂ ನೀರಿಗೆ ಸೇರಿತ್ತು. ತಾಯಿ ಗಿರಿಜಾದೇವಿ ಅಳಲಿಲ್ಲ. ಮಗಳನ್ನು ಎದುರಿಗೆ ಕೂರಿಸಿಕೊಂಡು ಇಷ್ಟೇ ಹೇಳಿದರು: "ನೀರಿ, ನಿಮ್ಮಪ್ಪನ ಮಾರಿ ನೋಡಲಿಲ್ಲ ನೀ. ನನ್ನದರೆ ನೋಡು. ಮಾತು ಕೊಡು." ಕೊನೆಗಳಿಗೆಯಲ್ಲಿ ತಾಯಿಯ ಮುಖ ನೋಡಲು ಬರುತ್ತೇನೆ ಎಂದು ನೀರಜಾ ಮಾತು ಕೊಟ್ಟಳು. ಅಂದಿನಿಂದ ಅವಳ ಪಾಸ್‌ಪೋರ್ಟು ಬೀರುವಿನಲ್ಲಿರಲಿಲ್ಲ, ಕೈಚೀಲದಲ್ಲಿತ್ತು. ಫೋನು ಯಾವತ್ತೂ ಆಫ್ ಆಗುತ್ತಿರಲಿಲ್ಲ. ಗಿರಿಜಾದೇವಿ ಧಾರವಾಡದಲ್ಲಿ ಚಿಕ್ಕ ಮಗಳು ವಂದನಾಳ ಜೊತೆ ಗಟ್ಟಿಮುಟ್ಟಾಗಿಯೇ ಇದ್ದರು. ಆದರೂ ಕೊಟ್ಟ ಮಾತು ಕೈಚೀಲದಲ್ಲಿ ಕುಳಿತೇ ಇತ್ತು.

ನೀರಜಾಳ ಕೆಲಸ ಪಶ್ಚಿಮ ಲಂಡನ್ನಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ರಕ್ತದ ಪರೀಕ್ಷೆ. ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು ಕೆಳಗಿನ ದರ್ಜೆಯಿಂದ ಹತ್ತಿ ವಿಭಾಗದ ಮೇಲ್ವಿಚಾರಕಿಯಾಗಿ ನಿವೃತ್ತಳಾದಳು. ಅಲ್ಲಿ ಒಂದು ನಿಯಮವಿತ್ತು. ಅಪಾಯದ ಫಲಿತಾಂಶ ಬಂದರೆ ಅದನ್ನು ಕಂಪ್ಯೂಟರಿಗೆ ಹಾಕಿ ಸುಮ್ಮನಾಗುವಂತಿಲ್ಲ. ಆ ಕ್ಷಣವೇ ವಾರ್ಡಿಗೆ ಫೋನು ಮಾಡಬೇಕು, ಆ ಕಡೆಯವರು ಕೇಳಿದ್ದನ್ನು ತಿರುಗಿ ಹೇಳುವವರೆಗೆ ಫೋನು ಇಡುವಂತಿಲ್ಲ. ವೈದ್ಯರು ಊಟಕ್ಕೆ ಹೋಗಿರಲಿ, ನಿದ್ದೆಯಲ್ಲಿರಲಿ, ಬೈಯಲಿ, ಹೇಳಲೇಬೇಕು. ಹೊಸದಾಗಿ ಸೇರಿದವರು ತಡ ಮಾಡಿದರೆ ನೀರಜಾ ಕೂಗಾಡುತ್ತಿರಲಿಲ್ಲ. "ಇದು ನಿಮ್ಮದಲ್ಲ, ಅವರದು. ನಿಮ್ಮ ಹತ್ತಿರ ಇಟ್ಟುಕೊಳ್ಳಲು ನಿಮಗೆ ಹಕ್ಕಿಲ್ಲ" ಎನ್ನುತ್ತಿದ್ದಳು.

ರಾಮಪ್ರಸಾದ್ ಬೇರೊಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಇನ್ನೊಬ್ಬರಿಗೆ ಎಷ್ಟು ತಿಳಿಯಬೇಕು, ಎಷ್ಟು ತಿಳಿಯಬಾರದು, ಯಾವಾಗ ಎಚ್ಚರಿಸಬೇಕು ಎಂದು ನಿರ್ಧರಿಸುವುದೇ ಅವನ ಕಸುಬು. ಅದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು.

ಗಾರ್ಗಿ ಓದಲು ಮನೆ ಬಿಟ್ಟ ವರ್ಷ ಅವರು ಸ್ಪೇನಿಗೆ ಹೋಗುವುದು ಶುರುವಾಯಿತು. ಆ ದೇಶದಲ್ಲಿ ಹಳೆಯ ಕೋಟೆ, ಅರಮನೆ, ಮಠ, ಯಾತ್ರಿಕರ ಛತ್ರಗಳನ್ನು ಕೆಡವದೆ ಹೋಟೆಲು ಮಾಡಿದ್ದಾರೆ ಎಂದು ರಾಮಪ್ರಸಾದನಿಗೆ ಸಹೋದ್ಯೋಗಿಯೊಬ್ಬ ಹೇಳಿದ್ದ. ಆಮೇಲೆ ಪ್ರತಿ ಅಕ್ಟೋಬರಿನಲ್ಲೂ ಒಂದೊಂದು. ಒಂದು ವರ್ಷ ಗಡಿಯ ಕೋಟೆ, ಮಲಗುವ ಕೋಣೆಯ ಕಿಟಕಿ ಬಾಣ ಬಿಡುವ ಸೀಳಿನಷ್ಟೇ ಅಗಲ. ಒಂದು ವರ್ಷ ಬಡತನಕ್ಕೆ ಬಿದ್ದ ಜಮೀನ್ದಾರನೊಬ್ಬನ ಅರಮನೆ, ಊಟದ ಮನೆಯ ಗೋಡೆಯುದ್ದಕ್ಕೂ ಜಿಂಕೆಯ ತಲೆಗಳು. ಮೂಲೆಯಲ್ಲಿ ಕಬ್ಬಿಣದ ಕವಚ ತೊಟ್ಟ ಖಾಲಿ ಸೈನಿಕರು ನಿಂತಿರುತ್ತಿದ್ದರು. ಅವು ನೀರಜಾಗೆ ಹಿಡಿಸುತ್ತಿರಲಿಲ್ಲ. ಕಲ್ಲು ಹಿಡಿಸುತ್ತಿತ್ತು. ಬೆಳಗಿನ ಚಳಿಯಲ್ಲಿ ಆ ದಪ್ಪ ಗೋಡೆಗೆ ಅಂಗೈ ಊರಿ ನಿಲ್ಲುವುದು ಅವಳ ಒಂದೇ ಭೋಗ. ಮೊಟ್ಟೆ ಹಾಕದ ತಿಂಡಿ ಕೇಳಿ ಕೇಳಿ ಸಾಕಾಗಿ ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಒಯ್ಯುತ್ತಿದ್ದಳು. ರಾಜರು ಉಂಡ ಮೇಜಿನ ಮೇಲೆ ಚಟ್ನಿಪುಡಿಯ ಡಬ್ಬಿ ತೆರೆದಾಗ ರಾಮಪ್ರಸಾದ್ ಆಚೀಚೆ ನೋಡುತ್ತಿದ್ದ. ಆಮೇಲೆ ತಾನೂ ಕೈ ಚಾಚುತ್ತಿದ್ದ.

ಅವನು ನಿವೃತ್ತನಾದ ವರ್ಷ ಆರಿಸಿದ್ದು ಸನ್ಯಾಸಿನಿಯರ ಒಂದು ಹಳೆಯ ಮಠ. ಮ್ಯಾಡ್ರಿಡ್‌ನಿಂದ ಎರಡು ಗಂಟೆಯ ರೈಲು. ನೀರಜಾ ನಕಾಶೆ ನೋಡಿ ಒಪ್ಪಿದಳು. ಸನ್ಯಾಸಿನಿಯರ ಎರಡೆರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿ, ಮೆತ್ತನೆಯ ಹಾಸಿಗೆ ಹಾಕಿ, ಸ್ನಾನದ ಮನೆ ಕಟ್ಟಿದ್ದರು. ಮಧ್ಯದಲ್ಲಿ ಚೌಕನೆಯ ಅಂಗಳ, ಸುತ್ತ ಕಂಬಗಳ ಜಗಲಿ, ಅಂಗಳದಲ್ಲಿ ಬಾವಿ, ನಾಲ್ಕು ಕಿತ್ತಳೆ ಗಿಡ. ಗೋಡೆಗಳು ಎಷ್ಟು ದಪ್ಪವೆಂದರೆ ಕೋಣೆಯೊಳಗೆ ಫೋನು ಸತ್ತಂತಿರುತ್ತಿತ್ತು. ಮೊದಲ ದಿನವೇ ನೀರಜಾ ಅದನ್ನು ಕಂಡು ಕೋಣೆ ಬದಲಿಸಿ ಎಂದಳು. ಎಲ್ಲ ಕೋಣೆಗಳೂ ಹಾಗೆಯೇ, ಅಂಗಳಕ್ಕೆ ಬಂದರೆ ಸಿಗ್ನಲ್ ಸಿಗುತ್ತದೆ ಎಂದರು ಹೋಟೆಲಿನವರು.

"ನಾನು ಅಂಗಳದಲ್ಲೇ ಕೂತಿರ್ತೀನಲ್ಲ ಬೆಳಿಗ್ಗೆಯಿಂದ" ಎಂದ ರಾಮಪ್ರಸಾದ್. "ಯಾರಾದ್ರೂ ಮಾಡಿದ್ರೆ ನಂಗೆ ಮಾಡ್ತಾರೆ. ನೆಮ್ಮದಿಯಾಗಿ ಮಲಕ್ಕೋ."

ಮರುದಿನ ಶುಕ್ರವಾರ ಬೆಳಿಗ್ಗೆ ನೀರಜಾ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ವಂದನಾ ಧಾರವಾಡದಿಂದ ಅಕ್ಕನಿಗೆ ಫೋನು ಮಾಡಿದಳು, ಹತ್ತಲಿಲ್ಲ. ಭಾವನಿಗೆ ಮಾಡಿದಳು. ಅವನು ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ.

"ಭಾವಾ, ಅವ್ವಗ ಸ್ಟ್ರೋಕ್ ಆಗೇದ. ದವಾಖಾನಿಗೆ ತಂದೀವಿ. ಅಕ್ಕಗ ಫೋನ್ ಕೊಡ್ರಿ."

ರಾಮಪ್ರಸಾದ್ ವೈದ್ಯ ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದ. ಸ್ಕ್ಯಾನಿನಲ್ಲಿ ಏನು ಬಂತು, ಮಿದುಳಿನ ಯಾವ ಭಾಗ, ಕಣ್ಣಪಾಪೆ ಹೇಗಿದೆ. ಕೇಳಿ, ಲೆಕ್ಕ ಹಾಕಿ, ಮುದುಕಿಗೆ ಮತ್ತೆ ಎಚ್ಚರವಾಗುವುದಿಲ್ಲ, ಸಂಜೆ ದಾಟುವುದೂ ಅನುಮಾನ ಎಂದು ತೀರ್ಮಾನಿಸಿದ. ಹೆಂಡತಿ ಅಲ್ಲಿಗೆ ಮುಟ್ಟುವಾಗ ಎಲ್ಲ ಮುಗಿದಿರುತ್ತದೆ. ಒಂದು ಹಗಲು ಒಂದು ರಾತ್ರಿ ವಿಮಾನಗಳಲ್ಲಿ ಅಳುತ್ತ ಹೋಗಿ ಬೂದಿ ನೋಡುವುದು. ಅದರ ಬದಲು ಈ ವಾರ ನಿಶ್ಚಿಂತೆಯಿಂದ ಕಳೆಯಲಿ, ಮನೆಗೆ ಹೋದಮೇಲೆ ಹೇಳಿದರಾಯಿತು. ಇಷ್ಟನ್ನೂ ಅವನು ಕಾಫಿ ತಣ್ಣಗಾಗುವುದರೊಳಗೆ ಯೋಚಿಸಿದ.

"ಅವಳಿಗೆ ಜೋರು ಜ್ವರ ವಂದನಾ" ಎಂದ. "ಎದ್ದು ಕೂರೋಕೂ ಆಗ್ತಿಲ್ಲ. ನಾನು ಹೇಳ್ತೀನಿ ಅವಳಿಗೆ. ನೀನು ಫೋನ್ ಮಾಡ್ಬೇಡ, ತಡ್ಕೊಳಲ್ಲ ಅವಳು."

ಸ್ವಲ್ಪ ಹೊತ್ತಿಗೆ ನೀರಜಾ ಕೆಳಗಿಳಿದು ಬಂದಳು. ಅವನು ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ.

ಆ ದಿನ ಸಂಜೆ ಹೋಟೆಲಿನ ಹುಡುಗಿಯೊಬ್ಬಳು ಅತಿಥಿಗಳಿಗೆ ಕಟ್ಟಡ ತೋರಿಸಿದಳು. ಹೊರಬಾಗಿಲ ಪಕ್ಕದ ಗೋಡೆಯಲ್ಲಿ ಮರದ ಒಂದು ತಿರುಗುವ ಗೂಡಿತ್ತು. ಊರಿನವರು ಹೊರಗಿನಿಂದ ಅದರಲ್ಲಿ ಬ್ರೆಡ್ಡು, ಬಟ್ಟೆ, ಔಷಧಿ ಇಟ್ಟು ತಿರುಗಿಸುತ್ತಿದ್ದರಂತೆ. ಒಳಗಿನವರು ತೆಗೆದುಕೊಳ್ಳುತ್ತಿದ್ದರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಸುದ್ದಿಯೂ ಅದರಲ್ಲೇ ಬರುತ್ತಿತ್ತು, ಮೊದಲು ಹಿರಿಯ ಸನ್ಯಾಸಿನಿಯ ಕೈಗೆ.

"ಯಾವಳಾದರೂ ಸನ್ಯಾಸಿನಿಯ ತಾಯಿಯೋ ತಂದೆಯೋ ತೀರಿಕೊಂಡರೆ ಹಿರಿಯಳು ಹೆಸರು ಹೇಳುತ್ತಿರಲಿಲ್ಲ" ಎಂದಳು ಹುಡುಗಿ ಇಂಗ್ಲಿಷಿನಲ್ಲಿ. "ಊಟದ ಹೊತ್ತಿಗೆ ಎದ್ದು ನಿಂತು, ನಮ್ಮಲ್ಲೊಬ್ಬಳ ತಾಯಿ ತೀರಿಕೊಂಡಿದ್ದಾಳೆ, ಎಲ್ಲರೂ ಪ್ರಾರ್ಥನೆ ಮಾಡಿ ಎನ್ನುತ್ತಿದ್ದಳು. ಯಾರ ತಾಯಿ ಎಂದು ಕೊನೆಯವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ."

ಗುಂಪಿನಲ್ಲಿದ್ದ ಒಬ್ಬ ಇಂಗ್ಲಿಷ್ ಹೆಂಗಸು, ಎಂಥ ಕ್ರೌರ್ಯ ಎಂದಳು. ನೀರಜಾ ಆ ಗೂಡನ್ನು ಒಮ್ಮೆ ತಿರುಗಿಸಿ ನೋಡಿದಳು. ಮರ ನುಣುಪಾಗಿತ್ತು, ಸದ್ದಿಲ್ಲದೆ ತಿರುಗಿತು. ಹಿಂದಿರುಗಿ ನೋಡಿದರೆ ರಾಮಪ್ರಸಾದ್ ಪಕ್ಕದಲ್ಲಿರಲಿಲ್ಲ. ಅಂಗಳದಲ್ಲಿ ಬಾವಿಯೊಳಗೆ ಬಗ್ಗಿ ನೋಡುತ್ತಿದ್ದ.

ಅವನ ಲೆಕ್ಕ ತಪ್ಪಿತು. ಗಿರಿಜಾದೇವಿ ಆ ಸಂಜೆ ದಾಟಿದರು, ರಾತ್ರಿಯನ್ನೂ ದಾಟಿದರು. ತೀರಿಕೊಂಡದ್ದು ಶನಿವಾರ ದೀಪ ಹಚ್ಚುವ ಹೊತ್ತಿಗೆ. ಸ್ಪೇನಿನಲ್ಲಿ ಆಗ ಮಧ್ಯಾಹ್ನ. ನೀರಜಾ ಊಟ ಮುಗಿಸಿ ಅಂಗಳಕ್ಕೆ ಬಂದು, ಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಿತ್ತಳೆ ಗಿಡದ ಫೋಟೋ ತೆಗೆದು ವಂದನಾಗೆ ಕಳಿಸಿದಳು. 'ಅವ್ವಗ ತೋರಸು' ಎಂದು ಕೆಳಗೆ ಬರೆದಳು. ಸಂದೇಶ ಮುಟ್ಟಿ, ಓದಿದ ನೀಲಿ ಗುರುತು ಬಿತ್ತು. ಉತ್ತರ ಬರಲಿಲ್ಲ. ವಂದನಾ ಏನೋ ಕೆಲಸದಲ್ಲಿದ್ದಾಳೆ, ಲಂಡನ್ನಿಗೆ ಮರಳಿದ ಮೇಲೆ ನಿಧಾನವಾಗಿ ಮಾತಾಡಿದರಾಯಿತು ಎಂದುಕೊಂಡಳು.

ಸಾವಿನ ಸುದ್ದಿ ವಂದನಾಳಿಂದ ತಿಳಿದ ರಾಮಪ್ರಸಾದ್ ಅದೇ ಮಧ್ಯಾಹ್ನ ಲಂಡನ್ನಿನ ಹೌನ್ಸ್ಲೋದ ನರಸಿಂಹಮೂರ್ತಿಗೆ ಫೋನು ಮಾಡಿದ. ನರಸಿಂಹಮೂರ್ತಿ ವಾರದ ದಿನಗಳಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಪೌರೋಹಿತ್ಯ ಮಾಡುವವನು. ರಾಮಪ್ರಸಾದನಿಗೆ ಆಚಾರದಲ್ಲಿ ನಂಬಿಕೆ ಇರಲಿಲ್ಲ. ಆದರೆ ಯಾವುದನ್ನೂ ಕ್ರಮ ತಪ್ಪಿ ಮಾಡುವ ಅಭ್ಯಾಸವೂ ಇರಲಿಲ್ಲ. ಮುಂದಿನ ವಾರ ದೀಪಾವಳಿಗೆ ಮನೆಗೆ ಜನರನ್ನು ಕರೆದಾಗಿತ್ತು, ಸೂತಕ ಯಾವಾಗ ಕಳೆಯುತ್ತದೆಂದು ಗೊತ್ತಿರಬೇಕಿತ್ತು. ಸತ್ತದ್ದು ಯಾರೆಂದು ಹೇಳಿದರೆ ಸಂಜೆಯೊಳಗೆ ಅವರಿರುವ ಹ್ಯಾರೋ ಭಾಗದ ಅರ್ಧ ಜನಕ್ಕೆ ಸುದ್ದಿ ಹರಡುತ್ತದೆ. ಅದಕ್ಕೆ, ಹೆಂಡತಿ ಕಡೆಯ ದೂರದ ನೆಂಟರೊಬ್ಬರು ಎಂದ.

"ದೂರದವರಾ ಸರ್? ದಿನ ಕಳೆದಮೇಲೆ ಕೇಳಿದ್ರೆ ಒಂದು ಸ್ನಾನ ಮಾಡಿದ್ರೆ ಆಯ್ತು" ಎಂದ ನರಸಿಂಹಮೂರ್ತಿ.

ಉಳಿದ ದಿನಗಳಲ್ಲಿ ರಾಮಪ್ರಸಾದ್ ಹೆಂಡತಿಯನ್ನು ನೋಡಿಕೊಂಡ ಹಾಗೆ ಹಿಂದೆಂದೂ ನೋಡಿಕೊಂಡಿರಲಿಲ್ಲ. ಮೆಟ್ಟಿಲಿಳಿಯುವಾಗ ಕೈ ಹಿಡಿದ. ಪೇಟೆಯಲ್ಲಿ ಒಂದು ಉಣ್ಣೆಯ ಶಾಲು ಕೊಡಿಸಿದ. ಸನ್ಯಾಸಿನಿಯರು ಉಣ್ಣುತ್ತಿದ್ದ ಉದ್ದನೆಯ ಹಜಾರದಲ್ಲಿ, ಪಾಲಕ್ ಹಾಕಿದ ಕಡಲೆಯ ಪಲ್ಯವನ್ನು ಅವಳಿಗಾಗಿ ಹೇಳಿ ಮಾಡಿಸಿದ. ಅವಳ ಮಾತನ್ನು ತಡೆಯದೆ ಕೇಳಿದ. ನಿವೃತ್ತಿ ಇವನನ್ನು ಮೆತ್ತಗೆ ಮಾಡಿದೆ ಎಂದು ನೀರಜಾ ಅಂದುಕೊಂಡಳು. ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಅದನ್ನು ಬಾಯಿ ಬಿಟ್ಟು ಹೇಳಿದಳು ಕೂಡ.

"ಇಷ್ಟು ವರ್ಷದಾಗ ಇದೇ ಛಲೋ ಆತು ನೋಡ್ರಿ."

ಅವನು ಅವಳ ಭುಜದ ಮೇಲೆ ಶಾಲು ಸರಿಪಡಿಸಿದ. ಮದುವೆಯಾದಾಗಿನಿಂದ ಅವಳು ಅಷ್ಟು ಸುಖವಾಗಿ ಕಳೆದ ವಾರ ಇನ್ನೊಂದಿರಲಿಲ್ಲ. ಮುಂದೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಇದೇ.

ಗುರುವಾರ ಮಧ್ಯಾಹ್ನ ಅವರು ರೇನರ್ಸ್ ಲೇನಿಗೆ ಮರಳಿದರು. ಸೂಟ್‌ಕೇಸುಗಳು ಇನ್ನೂ ಬಾಗಿಲಲ್ಲೇ ಇದ್ದವು.

"ಮೊದಲು ಸ್ನಾನ ಮಾಡ್ಕೊಂಡ್ ಬಾ" ಎಂದ ರಾಮಪ್ರಸಾದ್.

ಪ್ರಯಾಣದ ದಣಿವಿಗೆ ಹೇಳುತ್ತಿದ್ದಾನೆ ಎಂದುಕೊಂಡು ಅವಳು ಹೋದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿ ಕೆಳಗಿಳಿದಾಗ ಅವನು ಚಹಾ ಮಾಡಿ, ಅಡುಗೆಮನೆಯ ಮೇಜಿನ ಮೇಲೆ ಎರಡು ಕಪ್ಪು ಇಟ್ಟು ಕಾಯುತ್ತಿದ್ದ. "ಕೂತ್ಕೋ" ಎಂದ. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳೊಡನೆ ಆಡುವ ದನಿ ಅದು. ನೀರಜಾ ಕೂರಲಿಲ್ಲ.

"ಅತ್ತೆ ಹೋಗ್ಬಿಟ್ರು, ನೀರಜಾ. ಏನೂ ನೋವಾಗ್ಲಿಲ್ಲ ಅವರಿಗೆ."

"ಯಾವಾಗ?"

"ಶನಿವಾರ ಸಂಜೆ."

"ಇವತ್ತು ಗುರುವಾರ."

ಅವನು ಒಂದು ಕಪ್ಪನ್ನು ಅವಳ ಕಡೆ ಸರಿಸಿದ.

"ಏನಾಗಿತ್ತು?"

"ಸ್ಟ್ರೋಕ್. ದೊಡ್ಡ ಬ್ಲೀಡ್."

"ಸ್ಟ್ರೋಕ್ ಯಾವಾಗ ಆತು?"

"ಶುಕ್ರವಾರ ಬೆಳಿಗ್ಗೆ. ನೋಡು, ನೀನು ಹೋಗಿದ್ರೂ..."

"ನಿಮಗ ಯಾವಾಗ ಗೊತ್ತಾತು?"

"ಶುಕ್ರವಾರ."

ಮ್ಯಾಡ್ರಿಡ್‌ಗೆ ರೈಲು, ಅಲ್ಲಿಂದ ಬೆಂಗಳೂರಿನ ವಿಮಾನ, ಅಲ್ಲಿಂದ ಹುಬ್ಬಳ್ಳಿ. ಬಾಯಿಪಾಠವಾಗಿದ್ದ ಆ ದಾರಿಯಲ್ಲಿ ನೀರಜಾ ಅಲ್ಲೇ ನಿಂತು ಒಮ್ಮೆ ಹೋಗಿ ಬಂದಳು. ಶುಕ್ರವಾರ ಬೆಳಿಗ್ಗೆ ಹೊರಟಿದ್ದರೆ ಶನಿವಾರ ಮಧ್ಯಾಹ್ನ ಧಾರವಾಡದಲ್ಲಿರುತ್ತಿದ್ದಳು. ತಾಯಿಗೆ ಆಗ ಉಸಿರಿತ್ತು.

ರಾಮಪ್ರಸಾದ್ ಹೇಳುತ್ತಲೇ ಇದ್ದ. ಅವರಿಗೆ ಎಚ್ಚರವಿರಲಿಲ್ಲ, ಹೋಗಿ ಏನೂ ಮಾಡುವ ಹಾಗಿರಲಿಲ್ಲ, ನಿನಗಾಗಿಯೇ ಸುಮ್ಮನಿದ್ದೆ, ನನಗೇನು ಸುಲಭವಾಗಿತ್ತೇ. ಕೊನೆಗೆ, ಹೇಳಬಾರದಿದ್ದ ಒಂದು ಮಾತನ್ನೂ ಹೇಳಿದ. "ಸೂತಕಾನೂ ಕೇಳಿ ತಿಳ್ಕೊಂಡಿದೀನಿ. ಕೇಳಿದ ಮೇಲೆ ಒಂದ್ ಸ್ನಾನ ಮಾಡಿದ್ರೆ ಸಾಕಂತೆ. ಇನ್ನೊಂದ್ಸಲ ತಲೆಗೆ ನೀರು ಹಾಕ್ಕೊಂಡು ಬಾ, ಆಯ್ತು."

"ಯಾರನ್ನ ಕೇಳಿದ್ರಿ?"

"ನರಸಿಂಹಮೂರ್ತಿನ."

"ಎಲ್ಲಿಂದ?"

"ಅಲ್ಲಿಂದಲೇ. ಯಾರು ಅಂತ ಹೇಳಿಲ್ಲ ಕಣೇ. ದೂರದ ನೆಂಟರು ಅಂದೆ."

"ನಾನು ನಿಮ್ಮ ಪೇಷಂಟ್ ಅಲ್ಲ" ಎಂದಳು ನೀರಜಾ. ದನಿ ಏರಲಿಲ್ಲ. ಕಪ್ಪಿನ ಚಹಾವನ್ನು ಸಿಂಕಿಗೆ ಸುರಿದು, ಕಪ್ಪು ತೊಳೆದಿಟ್ಟು, ನರಸಿಂಹಮೂರ್ತಿಗೆ ಅವನೆದುರೇ ಫೋನು ಮಾಡಿದಳು. ಸತ್ತವರು ದೂರದ ನೆಂಟರಲ್ಲ, ನನ್ನ ತಾಯಿ ಎಂದಳು.

ನರಸಿಂಹಮೂರ್ತಿ ತಗ್ಗಿದ ದನಿಯಲ್ಲಿ ಹೇಳಿದ: "ತಾಯಿ ಅಂದ್ರೆ ಹಾಗಲ್ಲ ಮೇಡಂ. ಮದುವೆಯಾದ ಮಗಳಿಗೆ ಮೂರು ದಿನ. ಅದೂ ನೀವು ಕೇಳಿದಾಗಿನಿಂದ ಲೆಕ್ಕ. ಅವರು ಹೋದಾಗಿನಿಂದಲ್ಲ. ಸರ್ ನನಗೆ ಸರಿಯಾಗಿ ಹೇಳಿದ್ದಿದ್ರೆ..."

"ಅವರು ಯಾರಿಗೂ ಸರಿಯಾಗಿ ಹೇಳಿಲ್ಲ" ಎಂದು ಅವಳು ಫೋನು ಇಟ್ಟಳು.

ನೀರಜಾ ಎಂದೂ ಮಡಿ ಮಾಡಿದವಳಲ್ಲ. ಸೂತಕ, ಅಂಟು, ಮುಟ್ಟು ಎಲ್ಲವನ್ನೂ ಧಾರವಾಡದಲ್ಲೇ ಬಿಟ್ಟು ಬಂದವಳು. ಆದರೆ ಈ ಒಂದು ವಿಧಿಯನ್ನು ಮಾಡಿದ ಮುದುಕರಿಗೆ ತನ್ನ ಗಂಡನಿಗಿಂತ ಹೆಚ್ಚು ತಿಳಿವಳಿಕೆಯಿತ್ತು ಎಂದು ಅವಳಿಗೆ ಅನ್ನಿಸಿತು. ದುಃಖ ಶುರುವಾಗುವುದು ಕೇಳಿದ ಕ್ಷಣದಿಂದ ಎಂದು ಅವರು ಕಂಡುಕೊಂಡಿದ್ದರು. ತಡವಾಗಿ ಹೇಳಿದರೆ ಸತ್ತವರಿಗಾಗಿ ದುಃಖಿಸುವ ದಿನಗಳು ಕಡಿಮೆಯಾಗುವುದಿಲ್ಲ.

ಆಮೇಲೆ ವಂದನಾಗೆ ಫೋನು ಮಾಡಿದಳು. ಧಾರವಾಡದಲ್ಲಿ ಕತ್ತಲಾಗಿತ್ತು.

"ಜ್ವರ ಇಳೀತ?" ಎಂದಳು ವಂದನಾ.

"ಯಾವ ಜ್ವರ?"

"ಭಾವಾ ಹೇಳಿದ್ರಲ್ಲ. ಎದ್ದು ಕೂಡಲಿಕ್ಕೂ ಆಗವಲ್ದು ಅಂತ."

"ನನಗ ಜ್ವರ ಇರಲಿಲ್ಲ. ನನಗ ಹೇಳಿರಲಿಲ್ಲ, ವಂದನಾ. ಈಗ ಹೇಳಿದ್ರು, ಅರ್ಧ ತಾಸು ಆತು."

ವಂದನಾ ನಂಬಲಿಲ್ಲ. ನಂಬುವಂತೆಯೂ ಇರಲಿಲ್ಲ. "ಅಷ್ಟು ಕಲತಾಂವ, ಡಾಕ್ಟರ್ ಇದ್ದಾಂವ, ಹೆಂಡತಿಯ ಅವ್ವ ಸತ್ರ ಮುಚ್ಚಿಡ್ತಾನ? ಬರಲಿಕ್ಕೆ ಆಗಲಿಲ್ಲ ಅಂದ್ರ ಆಗಲಿಲ್ಲ ಅನ್ನು. ಅವರ ತಲಿ ಮ್ಯಾಲೆ ಯಾಕ ಹಾಕ್ತಿ? ಅವ್ವನ ಹೆಣ ಇನ್ನೂ ದವಾಖಾನಿಯೊಳಗಿತ್ತು. ನೀ ನಾರಂಗಿ ಗಿಡದ ಫೋಟೋ ಕಳಿಸಿದಿ. ಅವ್ವಗ ತೋರಸು ಅಂತ ಬರದಿ."

ನೀರಜಾಗೆ ಹೇಳಲು ಇದ್ದದ್ದು ಒಂದೇ ಮಾತು, ಅದನ್ನು ಆಗಲೇ ಹೇಳಿಯಾಗಿತ್ತು. ಅವಳು ಕೇಳಿದಳು: "ಅವ್ವಗ ಎಚ್ಚರ ಇತ್ತೇನು?"

"ಶುಕ್ರವಾರ ರಾತ್ರಿ ಕಣ್ಣು ತಗದ್ಲು. ಮಾರಿ ಒಂದು ಕಡೆ ಜೋತಿತ್ತು. ನೀರಿ ಎಲ್ಲಿಗೆ ಬಂದ್ಲು ಅಂತ ಕೇಳಿದ್ಲು. ಎರಡು ಮೂರು ಸಲ ಕೇಳಿದ್ಲು."

"ನೀ ಏನಂದಿ?"

"ಏನನ್ಲಿ? ವಿಮಾನ ಹತ್ಯಾಳ, ಬರ್ಲಿಕ್ಕತ್ತಾಳ ಅಂದೆ. ತಲಿ ಹಾಕಿದ್ಲು. ಆಮ್ಯಾಲ ಮಾತಾಡಲಿಲ್ಲ."

ಹೀಗೆ ಗಿರಿಜಾದೇವಿ ಮಗಳು ದಾರಿಯಲ್ಲಿದ್ದಾಳೆ ಎಂದು ನಂಬಿ ಸತ್ತರು. ವಂದನಾ ಅಕ್ಕ ಬೇಕೆಂದೇ ಬರಲಿಲ್ಲ ಎಂದು ನಂಬಿದಳು. ರಾಮಪ್ರಸಾದ್ ತಾನು ಒಳ್ಳೆಯದನ್ನೇ ಮಾಡಿದೆ ಎಂದು ನಂಬಿದ. ನಂಬಲು ಏನೂ ಉಳಿಯದಿದ್ದವಳು ನೀರಜಾ ಒಬ್ಬಳೇ.

ಅವಳು ಮೇಲಿನ ಚಿಕ್ಕ ಕೋಣೆಯಲ್ಲಿ, ಗಾರ್ಗಿಯ ಹಳೆಯ ಮಂಚದ ಪಕ್ಕ ಚಾಪೆ ಹಾಕಿ ಮೂರು ದಿನ ಸೂತಕ ಕುಳಿತಳು. ದೇವರಿಗಾಗಿ ಅಲ್ಲ, ತಾಯಿಯ ಸದ್ಗತಿಗಾಗಿಯೂ ಅಲ್ಲ. ಮೂರು ದಿನ ತನ್ನವು, ಇನ್ನೊಬ್ಬರು ತೆಗೆದುಕೊಳ್ಳಬಾರದು, ಅಷ್ಟೇ. ರಾಮಪ್ರಸಾದ್ ಅನ್ನ ಸಾರು ಮಾಡಿ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದ. ಅವಳು ಬಾಗಿಲು ತೆರೆದು ಒಳಗೆ ತೆಗೆದುಕೊಳ್ಳುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ದೀಪಾವಳಿಗೆ ಕರೆದವರಿಗೆಲ್ಲ ಅವನೇ ಫೋನು ಮಾಡಬೇಕೆಂದು ಅವಳು ಬಾಗಿಲ ಹಿಂದಿನಿಂದಲೇ ಹೇಳಿದಳು. "ಯಾರು ಸತ್ತಾರ, ಯಾವಾಗ ಸತ್ತಾರ, ನನಗ ನೀವು ಯಾವಾಗ ಹೇಳಿದ್ರಿ. ಮೂರೂ ಹೇಳ್ರಿ." ಕೆಳಗೆ ಹಜಾರದಿಂದ ಅವನ ದನಿ ಕೇಳಿಸುತ್ತಿತ್ತು. ಒಬ್ಬೊಬ್ಬರಿಗೂ ಮೊದಲೆರಡನ್ನು ಹೇಳಿ ನಿಲ್ಲಿಸುತ್ತಿದ್ದ. ಅವಳು ಕೇಳಿಸಿಕೊಂಡಳು, ಮತ್ತೆ ಹೇಳಲಿಲ್ಲ.

ಗಾರ್ಗಿ ಬಂದಳು. ಅಜ್ಜಿಯನ್ನು ನೆನೆದು ಅತ್ತಳು. ಬಾಗಿಲ ಹೊರಗೆ ಕಾರ್ಪೆಟ್ಟಿನ ಮೇಲೆ ಕುಳಿತು, "ಅಮ್ಮಾ, ಹಿ ಮೆಂಟ್ ವೆಲ್. ಯು ನೋ ಹಿ ಡಿಡ್" ಎಂದಳು.

"ಗೊತ್ತದ" ಎಂದಳು ನೀರಜಾ. "ಕೆಟ್ಟದ್ದು ಮಾಡಬೇಕಂತ ಮಾಡಿದ್ರ ಒಂದು ದಿನ ಕ್ಷಮಿಸಬಹುದಿತ್ತು. ನಾಚಿಕಿ ಆಗಿ ಕಾಲು ಹಿಡೀತಿದ್ರು. ಒಳ್ಳೇದು ಮಾಡಿದವರಿಗೆ ನಾಚಿಕಿ ಎಲ್ಲಿಂದ ಬರಬೇಕು?"

"ಸೋ ವಾಟ್ ಹ್ಯಾಪನ್ಸ್ ನೌ?"

"ಏನೂ ಆಗೂದಿಲ್ಲ. ನೀ ಊಟ ಮಾಡಿ ಹೋಗು."

ಅವಳು ಹೇಳಿದ ಹಾಗೆಯೇ ಏನೂ ಆಗಲಿಲ್ಲ. ಮೂರು ದಿನ ಮುಗಿದು ಅವಳು ತಲೆಗೆ ಸ್ನಾನ ಮಾಡಿ ಕೆಳಗಿಳಿದಳು, ಅಡುಗೆ ಮಾಡಿದಳು, ತರಕಾರಿಗೆ ಸೌತ್‌ಹಾಲ್‌ಗೆ ಹೋಗಿ ಬಂದಳು. ರಾತ್ರಿ ಮಲಗಲು ಚಿಕ್ಕ ಕೋಣೆಗೇ ಹೋದಳು. ರಾಮಪ್ರಸಾದ್ ಕೆಲವು ವಾರ ಕಾದ. ಒಂದು ದಿನ ಅತ್ತು ಕೂಗಾಡಿ ಸರಿಹೋಗುತ್ತಾಳೆ, ಎಲ್ಲ ರೋಗಿಗಳೂ ಕೊನೆಗೆ ಎಚ್ಚರಗೊಳ್ಳುತ್ತಾರೆ ಎಂದು ಅವನ ಎಣಿಕೆ. ಅವಳು ಎಚ್ಚರವಾಗಿಯೇ ಇದ್ದಳು. ಉಣ್ಣುವಾಗ ಅವನಿಗೆ ಬಡಿಸುತ್ತಿದ್ದಳು, ಅವನ ರಕ್ತದೊತ್ತಡದ ಮಾತ್ರೆ ತರುತ್ತಿದ್ದಳು. ಅವನು ಏನು ಹೇಳಿದರೂ ಮಾತ್ರ, ಅದು ನಾಳೆ ಮಳೆ ಬರುತ್ತದಂತೆ ಎಂಬ ಮಾತಾದರೂ, ಫೋನು ತೆಗೆದು ತಾನೇ ಒಮ್ಮೆ ನೋಡಿಕೊಳ್ಳುತ್ತಿದ್ದಳು. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅವನು ಮಾತಾಡುವುದನ್ನೇ ಕಡಿಮೆ ಮಾಡಿದ.

ಚಳಿಗಾಲದಲ್ಲಿ ಅವಳು ಧಾರವಾಡಕ್ಕೆ ಹೋಗಿ ಬಂದಳು. ವಂದನಾ ಜಗಳವಾಡಲಿಲ್ಲ. ಹೊರಗಿನಿಂದ ಬಂದ ನೆಂಟರಿಗೆ ಮಾಡುವಂತೆ ಹೊಸ ಹೊದಿಕೆ ಹಾಕಿಕೊಟ್ಟಳು, ಬಡಿಸುವ ಮೊದಲು ಖಾರ ಕಡಿಮೆ ಮಾಡಲೇ ಎಂದು ಕೇಳಿದಳು. ತಾಯಿಯ ಮಾತು ಇಬ್ಬರೂ ಎತ್ತಲಿಲ್ಲ.

ಬೇಸಿಗೆ ಕಳೆದು ಮತ್ತೆ ಅಕ್ಟೋಬರ್ ಹತ್ತಿರ ಬಂದಾಗ ರಾಮಪ್ರಸಾದ್ ಲ್ಯಾಪ್‌ಟಾಪ್ ತೆರೆಯಲಿಲ್ಲ. ನೀರಜಾ ತಾನೇ ಬುಕ್ ಮಾಡಿದಳು. ಒಬ್ಬಳಿಗೆ, ಅದೇ ಮಠದಲ್ಲಿ, ಅದೇ ಕೋಣೆ. ತಿಂಡಿಯ ಹೊತ್ತಿಗೆ ಅವನಿಗೆ ಹೇಳಿದಳು.

"ಅಲ್ಲಿಗೇ ಯಾಕೆ?" ಎಂದ ಅವನು. "ಧಾರವಾಡಕ್ಕೆ ಹೋಗು. ವರ್ಷಾಬ್ದಿಕ ಅಲ್ಲಿ ಮಾಡ್ತಾರೆ."

"ಅವ್ವ ಸತ್ತಾಗ ನಾ ಧಾರವಾಡದಾಗ ಇರಲಿಲ್ಲ. ಅಲ್ಲಿದ್ದೆ."

ಅವನು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದ. "ನಾನೂ ಬರ್ಲಾ?"

"ಬ್ಯಾಡ."

ಹೊರಡುವ ದಿನ ಅವನು ಸೂಟ್‌ಕೇಸ್ ಎಳೆದುಕೊಂಡು ರೇನರ್ಸ್ ಲೇನ್ ಸ್ಟೇಷನ್ನಿನವರೆಗೆ ಬಂದ. ಬೇಡ ಎನ್ನಲು ಅವಳಿಗೆ ಕಾರಣವಿರಲಿಲ್ಲ, ಮಂಡಿ ನೋಯುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ಪಕ್ಕಪಕ್ಕ ನಿಂತರು. ಸಣ್ಣಗೆ ಮಳೆ ಹನಿಯುತ್ತಿತ್ತು.

"ಮುಟ್ಟಿದ ಮೇಲೆ ಫೋನ್ ಮಾಡ್ತೀಯಾ?" ಎಂದ.

"ಒಳಗ ಸಿಗ್ನಲ್ ಸಿಗೂದಿಲ್ಲ. ನಿಮಗ ಗೊತ್ತದ."

ರೈಲು ಬಂತು. ಅವನು ಸೂಟ್‌ಕೇಸನ್ನು ಒಳಗಿಟ್ಟು ಕೆಳಗಿಳಿದ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಬಾಗಿಲು ಮುಚ್ಚಿತು. ನೀರಜಾ ಗಾಜಿನಾಚೆ ಅವನ ತುಟಿ ಅಲುಗುವುದನ್ನು ನೋಡಿದಳು. ಏನೆಂದು ಊಹಿಸಲು ಹೋಗಲಿಲ್ಲ.

ಆಕ್ಟನ್ ಟೌನಿನಲ್ಲಿ ಇಳಿದು ಹೀಥ್ರೂ ರೈಲಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತಳು. ಅಭ್ಯಾಸಬಲದಿಂದ ಕೈಚೀಲದಿಂದ ಫೋನು ತೆಗೆದು ನಕಾಶೆ ತೆರೆದಳು. ಮ್ಯಾಡ್ರಿಡ್ ಕಾಣಿಸಿತು. ಅಲ್ಲಿಂದ ಮುಂದೆ ನೋಡಬೇಕಾದ ದಾರಿ ಯಾವುದೂ ಇರಲಿಲ್ಲ. ಫೋನನ್ನು ಆಫ್ ಮಾಡಿ ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.